ಸ್ಟೇರಿಂಗ್ ಯಾರ ಕೈಲಿದೆ? ಹಸಿರು ಬಸ್ಸು, ದಿಲ್ಲಿಯ ನೀತಿ ಮತ್ತು ನಮ್ಮ ರೋಸ್ಟರ್

ಬೆಂಗಳೂರಲ್ಲಿ ಎಲೆಕ್ಟ್ರಿಕ್ ಬಸ್ ಹತ್ತೋ ಗೆಳೆಯರು ಒಂದ್ಸಲ ಗಮನಿಸಿ. ಟಿಕೆಟ್ ಕೊಡುವ ಕಂಡಕ್ಟರ್ ಬಿಎಂಟಿಸಿ ನೌಕರರು. ನೇಮಕಾತಿ ನಿಗಮದ್ದು, ಸಂಬಳ ನಿಗಮದ್ದು, ರೋಸ್ಟರ್ ಪ್ರಕಾರ ಬಂದ ಹುದ್ದೆ. ಅದೇ ಬಸ್ಸಿನ ಸ್ಟೇರಿಂಗ್ ಹಿಡಿದಿರೋ ಅಣ್ಣ ನಿಗಮದ ನೌಕರ ಅಲ್ಲ, ಖಾಸಗಿ ಕಂಪನಿಯವನು. ಬಸ್ಸಿನ ಮೇಲೆ ಬಿಎಂಟಿಸಿ ಹೆಸರಿದೆ, ಡಿಪೋ ಜಾಗ ಬಿಎಂಟಿಸಿದು, ರೂಟ್ ಬಿಎಂಟಿಸಿದು. ಆದರೆ ಬಸ್ಸು ಕಂಪನಿದು, ಡ್ರೈವರ್ ಕಂಪನಿಯವನು, ರಿಪೇರಿ ಮಾಡೋ ಮೆಕ್ಯಾನಿಕ್ ಕೂಡ ಕಂಪನಿಯವನೇ. ಕಂಡಕ್ಟರ್ ಹುದ್ದೆಗೆ ಸಂವಿಧಾನದ 16(4)ನೇ ವಿಧಿ ಅನ್ವಯಿಸುತ್ತೆ. ಎರಡು ಹೆಜ್ಜೆ ಮುಂದೆ ಕೂತವನ ಹುದ್ದೆಗೆ ಅನ್ವಯಿಸಲ್ಲ.

ಇದನ್ನ ಬಿಎಂಟಿಸಿಯ ಯಾರೋ ಒಬ್ಬ ಅಧಿಕಾರಿ ಕೂತು ಮಾಡಿದ್ದಲ್ಲ. ದಿಲ್ಲಿಯಲ್ಲಿ ಇಪ್ಪತ್ತು ವರ್ಷದಿಂದ ನಡೆದುಕೊಂಡು ಬಂದ ಸುಸ್ಥಿರ ಸಾರಿಗೆ ನೀತಿ ಹಂತಹಂತವಾಗಿ ಇಲ್ಲಿಗೆ ತಂದು ನಿಲ್ಲಿಸಿದೆ. ಸಾರಿಗೆ ನೀತಿ ಅಂದ್ರೆ ಇಂಜಿನಿಯರುಗಳ ವಿಷಯ, ಪರಿಸರದವರ ವಿಷಯ ಅಂತ ನಮ್ಮ ಸಂಘಟನೆಗಳು ಬಿಟ್ಟುಬಿಟ್ಟಿವೆ. ಆದರೆ ರಸ್ತೆ ಜೊತೆ, ಗಾಡಿ ಜೊತೆ ನಮ್ಮ ಜಗಳ ಈ ನೀತಿಗಳಿಗಿಂತ ಬಹಳ ಹಳೆಯದು. ಅಲ್ಲಿಂದಲೇ ಶುರು ಮಾಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

1893. ತಿರುವಾಂಕೂರಿನ ವೆಂಗಾನೂರಲ್ಲಿ ಅಯ್ಯಂಕಾಳಿ ಒಂದು ವಿಲ್ಲುವಂಡಿ, ಅಂದರೆ ಎತ್ತಿನ ಸವಾರಿ ಗಾಡಿ ಕೊಂಡರು. ಪುಲಯ ಜಾತಿಯವರು ಸಾರ್ವಜನಿಕ ರಸ್ತೆಯಲ್ಲಿ ನಡೆಯೋದಕ್ಕೇ ತಡೆಯಿದ್ದ ಕಾಲ. ಅಂಥಾದ್ರಲ್ಲಿ ಅವರು ತಲೆಗೆ ಪೇಟ ಸುತ್ತಿ, ಗಾಡಿ ಹತ್ತಿ, ಅದೇ ರಸ್ತೆಯಲ್ಲಿ ಹೊರಟರು. ಹೊಡೆದಾಟಗಳಾದವು, ಗಾಡಿ ನಿಲ್ಲಲಿಲ್ಲ. ನಮ್ಮ ದೇಶದ ಸಾರಿಗೆ ಚರಿತ್ರೆ ಬರೆಯೋರು 1853ರ ಬೊಂಬಾಯಿ–ಠಾಣೆ ರೈಲಿನಿಂದ ಶುರು ಮಾಡ್ತಾರೆ. ನಾನಾದರೆ ಈ ಗಾಡಿಗೊಂದು ಅಧ್ಯಾಯ ಕೊಡ್ತೀನಿ.

1901. ಬಾಲಕ ಭೀಮರಾವ್ ಸತಾರಾದಿಂದ ಅಪ್ಪ ಕೆಲಸ ಮಾಡ್ತಿದ್ದ ಗೋರೆಗಾಂವ್‌ಗೆ ಹೊರಟಿದ್ದು. ಮಸೂರು ಸ್ಟೇಷನ್ನಿನಲ್ಲಿ ಇಳಿದ ಮಕ್ಕಳು ಮಹಾರರು ಅಂತ ಗೊತ್ತಾದ ಮೇಲೆ ಗಾಡಿಯವರು ಯಾರೂ ಬರಲೊಲ್ಲರು. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ಎರಡು ಪಟ್ಟು, ಗಾಡಿ ಮಕ್ಕಳೇ ಹೊಡೀಬೇಕು, ತಾನು ಪಕ್ಕದಲ್ಲಿ ನಡೆದುಕೊಂಡು ಬರ್ತೀನಿ ಅಂತ ಕರಾರು. ಮುಂದೆ 1929. ಅದೇ ಭೀಮರಾವ್ ಈಗ ಬ್ಯಾರಿಸ್ಟರ್ ಅಂಬೇಡ್ಕರ್, ಸರ್ಕಾರದ ಸಮಿತಿಯ ಸದಸ್ಯರಾಗಿ ಕೆಲಸ ಮಾಡುತ್ತಿದ್ದವರು. ಚಾಳೀಸ್‌ಗಾಂವ್ ಸ್ಟೇಷನ್ನಿನಲ್ಲಿ ಇಳಿದರೆ ಟಾಂಗಾದವರು ಮಹಾರರನ್ನ ಕೂರಿಸಿಕೊಂಡು ಓಡಿಸೋದು ತಮ್ಮ ಮರ್ಯಾದೆಗೆ ಕಮ್ಮಿ ಅಂದರು. ಟಾಂಗಾ ಬಾಡಿಗೆಗೆ ಕೊಡ್ತೀವಿ, ಓಡಿಸಲ್ಲ ಅಂತ. ಓಡಿಸಿ ಅಭ್ಯಾಸವಿಲ್ಲದ ಕೇರಿಯವರೊಬ್ಬರು ಲಗಾಮು ಹಿಡಿದರು. ಮೋರಿ ಹತ್ತಿರ ಟಾಂಗಾ ಅಪಘಾತವಾಗಿ ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದರು, ಕಾಲು ಮುರಿಯಿತು.

ಈ ಎರಡೂ ಪ್ರಸಂಗ ನಮಗೆಲ್ಲ ಬಾಯಿಪಾಠ. ಭಾಷಣದಲ್ಲಿ ಹೇಳ್ತಾನೇ ಇರ್ತೀವಿ. ಆದರೆ ಇದರಲ್ಲಿ ಒಂದು ಸೂಕ್ಷ್ಮ ಇದೆ. ಎರಡರಲ್ಲೂ ಗಾಡಿ ಸಿಕ್ತು, ದುಡ್ಡೂ ತಗೊಂಡರು. ಅಡ್ಡ ಬಂದಿದ್ದು ಯಾರು ಯಾರನ್ನ ಓಡಿಸಿಕೊಂಡು ಹೋಗೋದು ಅನ್ನೋ ಪ್ರಶ್ನೆ. ಲಗಾಮು ಹಿಡಿಯೋ ಜಾಗ ಜಾತಿಯ ಜಾಗ ಆಗಿತ್ತು.

ನಡುವೆ 1924ರಲ್ಲಿ ವೈಕಂ. ಅಲ್ಲಿ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಒಳಗೆ ಹೋಗೋಕಲ್ಲ, ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯೋಕೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ ಇವುಗಳ ಸಾಲಲ್ಲಿ 'ರಸ್ತೆ' ಅನ್ನೋ ಪದವೂ ಇದೆ. ಅದು ಅಲ್ಲಿ ಸುಮ್ಮನೆ ಬಂದು ಕೂತಿಲ್ಲ.

ಈಗ ನಮ್ಮ ರಾಜ್ಯಕ್ಕೆ ಬರೋಣ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳಿಂದ ಶುರುವಾಯ್ತು. 1950ರಲ್ಲಿ ಕೇಂದ್ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ತಂತು. 1961ರ ಆಗಸ್ಟ್ 1ಕ್ಕೆ ಇಲಾಖೆ ಹೋಗಿ ನಿಗಮ ಆಯ್ತು. 1997ರಲ್ಲಿ ಬೆಂಗಳೂರಿನದು ಬೇರೆಯಾಗಿ ಬಿಎಂಟಿಸಿ ಆಯ್ತು. ಅದಕ್ಕೂ ಮುಂಚೆ ಬಸ್ಸು ಅಂದ್ರೆ ಖಾಸಗಿ ಮಾಲೀಕರದು. ಡ್ರೈವರ್, ಕ್ಲೀನರ್ ಎಲ್ಲ ಮಾಲೀಕನ ಕಡೆಯವರು, ಅವನ ಊರಿನವರು, ಅವನ ಜಾತಿಯವರು. ಬಸ್ಸು ಸರ್ಕಾರದ್ದಾದ ಮೇಲೆ ಎರಡು ಬದಲಾವಣೆ ಆದವು. ಟಿಕೆಟ್ ತಗೊಂಡೋನಿಗೆ ಸೀಟು ಕೇಳೋ ಹಕ್ಕು ಬಂತು. ಎರಡನೇದು ಇನ್ನೂ ದೊಡ್ಡದು: ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಹುದ್ದೆಗಳು ಸರ್ಕಾರಿ ಹುದ್ದೆಗಳಾಗಿ ಮೀಸಲಾತಿಯ ಒಳಗೆ ಬಂದವು.

ನಮ್ಮ ಚಿಕ್ಕಪ್ಪ 80ರ ದಶಕದಲ್ಲಿ ಡ್ರೈವರ್ ಆಗಿ ಸೇರಿದವರು. ಎಸ್ಸೆಸ್ಸೆಲ್ಸಿ ಫೇಲು. ಲಾರಿ ಕ್ಲೀನರ್ ಆಗಿದ್ದು, ಲೈಸೆನ್ಸ್ ಮಾಡಿಸಿಕೊಂಡು, ಮೀಸಲಾತಿಯಲ್ಲಿ ಹುದ್ದೆ ಹಿಡಿದರು. ನಮ್ಮ ಕೇರಿಯಲ್ಲಿ ತಿಂಗಳ ಸಂಬಳ ಅಂತ ಬಂದ ಮೊದಲ ಎರಡು ಮೂರು ಮನೆಗಳಲ್ಲಿ ಅದೂ ಒಂದು. ಪಿಎಫ್ ಇತ್ತು, ಆಸ್ಪತ್ರೆ ಖರ್ಚು ಸಿಗ್ತಿತ್ತು, ಮನೆಯವರಿಗೆ ಪಾಸು ಇತ್ತು. ಆ ಸಂಬಳದಲ್ಲೇ ನನ್ನಂಥ ನಾಲ್ಕು ಹುಡುಗರು ಹಾಸ್ಟೆಲ್ ಸೇರಿ ಓದಿದ್ದು. ನಮ್ಮೂರ ಯಜಮಾನರ ಮನೆ ಹಟ್ಟಿಬಾಗಿಲು ದಾಟೋಕೆ ಚಿಕ್ಕಪ್ಪನಿಗೆ ಆಗ್ತಿರಲಿಲ್ಲ. ಅದೇ ಯಜಮಾನರು ಸಂತೆಗೆ ಹೋಗಬೇಕಾದರೆ ಚಿಕ್ಕಪ್ಪ ಓಡಿಸೋ ಬಸ್ಸು ಹತ್ತಿ ಹಿಂದೆ ಕೂರಬೇಕಿತ್ತು. ಒಂದು ದಿನ 'ಏನೋ, ಸ್ವಲ್ಪ ನಿಲ್ಸೋ' ಅಂದರಂತೆ. ಚಿಕ್ಕಪ್ಪ, 'ಸ್ಟಾಪಲ್ಲಿ ನಿಲ್ಲುತ್ತೆ ಸ್ವಾಮಿ, ಕೂತ್ಕೊಳ್ಳಿ' ಅಂದರಂತೆ. ಇದನ್ನ ಅವರು ನೂರು ಸಲ ಹೇಳಿ ನಕ್ಕಿದ್ದಾರೆ. 1929ರ ಚಾಳೀಸ್‌ಗಾಂವ್ ನೆನಪಿಟ್ಟುಕೊಂಡು ಇದನ್ನ ಓದಿ, ಆ ಸೀಟಿನ ಬೆಲೆ ಏನಂತ ಗೊತ್ತಾಗುತ್ತೆ.

2006ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ನಗರ ಸಾರಿಗೆ ನೀತಿ ಒಪ್ಪಿತು. ಅದರ ತಿರುಳು ಒಂದೇ ಸಾಲಿನದು: ನಾವು ಸಾಗಿಸಬೇಕಾದ್ದು ಜನರನ್ನ, ವಾಹನಗಳನ್ನಲ್ಲ. ರಸ್ತೆಯ ಜಾಗ ಹಂಚುವಾಗ ಕಾರಿನ ಲೆಕ್ಕ ಬಿಟ್ಟು ಮನುಷ್ಯರ ಲೆಕ್ಕ ಇಡಿ, ನಡೆಯೋರಿಗೆ, ಸೈಕಲ್ಲಿನವರಿಗೆ, ಬಸ್ಸಿಗೆ ಆದ್ಯತೆ ಕೊಡಿ, ನಗರಕ್ಕೊಂದು ಏಕೀಕೃತ ಸಾರಿಗೆ ಪ್ರಾಧಿಕಾರ ಮಾಡಿ ಅಂತ. ಒಳ್ಳೆಯ ನೀತಿ ರೀ, ನಾನು ಅದನ್ನ ಹೊಗಳ್ತೀನಿ. ಬಡವರ ಪ್ರಯಾಣದ ಖರ್ಚು ಏರಿದೆ, ನಡೆಯೋದು, ಸೈಕಲ್ ತುಳಿಯೋದು ಅಪಾಯ ಆಗಿದೆ ಅಂತ ಅದು ಒಪ್ಪಿಕೊಳ್ಳುತ್ತೆ. ಬಡವರು ಅನ್ನೋ ಪದ ಇದೆ. ಜಾತಿ ಅನ್ನೋದು ನಾನು ಓದಿದ ಮಟ್ಟಿಗೆ ಎಲ್ಲೂ ಕಾಣಲಿಲ್ಲ. ನಗರದ ರಸ್ತೆಗೆ ಜಾತಿ ಇಲ್ಲ ಅಂತ ಬರೆದವರು ಅಂದುಕೊಂಡಿರಬೇಕು. ಬೆಳಗಿನ ಜಾವ ಮೊದಲ ಬಸ್ಸಿಗೆ ಕಾಯೋ ಪೌರಕಾರ್ಮಿಕ ಅಕ್ಕಂದಿರು ಯಾವ ಜಾತಿಯವರು, ಅವರು ಗುಡಿಸೋ ರಸ್ತೆಯಲ್ಲಿ ಹತ್ತು ಗಂಟೆಗೆ ಕಾರಲ್ಲಿ ಹೋಗೋರು ಯಾವ ಜಾತಿಯವರು ಅಂತ ಕೇಳಿದ್ದರೆ ಸಾಕಿತ್ತು.

ಅದೇ 2006ರ ಏಪ್ರಿಲ್‌ನಲ್ಲೇ ನಮ್ಮ ಮೆಟ್ರೋದ ಮೊದಲ ಹಂತಕ್ಕೂ ಕೇಂದ್ರದ ಒಪ್ಪಿಗೆ ಬಂತು, ಜೂನ್‌ನಲ್ಲಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದರು. 2011ರ ಅಕ್ಟೋಬರ್ 20ಕ್ಕೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿತು. 42.3 ಕಿಲೋಮೀಟರಿನ ಮೊದಲ ಹಂತ ಮುಗಿಯೋ ಹೊತ್ತಿಗೆ 2017. ನೀತಿ ಅಂದ್ರೆ ಬರೀ ಮಾತಲ್ಲ, ಅದರ ಹಿಂದೆ ಹಣ ಬರುತ್ತೆ, ಹಣದ ಹಿಂದೆ ಷರತ್ತು ಬರುತ್ತೆ, ಷರತ್ತಿನ ಹಿಂದೆ ಗುತ್ತಿಗೆದಾರರು ಬರ್ತಾರೆ. 2017ರ ಮೆಟ್ರೋ ರೈಲು ನೀತಿ ನೋಡಿ. ಕೇಂದ್ರದ ನೆರವು ಬೇಕಾದ್ರೆ ಯೋಜನೆಯಲ್ಲಿ ಎಲ್ಲಾದರೂ ಖಾಸಗಿ ಪಾಲುದಾರಿಕೆ ಇರಲೇಬೇಕು ಅಂತ ಬರೆದರು. ಸ್ಟೇಷನ್ ಸುತ್ತಲಿನ ಜಮೀನಿನ ಬೆಲೆ ಏರಿಕೆಯಿಂದ ದುಡ್ಡು ಎತ್ತಿ ಅಂತಲೂ ಸೇರಿಸಿದರು. ಜಮೀನು ಇದ್ದೋನಿಗೆ ಇದು ಹಬ್ಬ. ಬಾಡಿಗೆ ಶೀಟು ಮನೆಯಲ್ಲಿ ಇರೋನಿಗೆ ಮೆಟ್ರೋ ಬಂತು ಅಂದ್ರೆ ಬಾಡಿಗೆ ಏರ್ತು, ಮನೆ ಖಾಲಿ ಮಾಡು ಅಂತ ಅರ್ಥ.

ಇನ್ನು ಗುತ್ತಿಗೆ ವಿಷಯ. ನಮ್ಮಲ್ಲಿ ಸಣ್ಣಪುಟ್ಟ ಸಿವಿಲ್ ಕೆಲಸ ಮಾಡೋ ಹುಡುಗರು ಬಹಳ ಇದ್ದಾರೆ, ಅವರು ಇದನ್ನ ಗಮನವಿಟ್ಟು ಓದಲಿ. ಸರ್ಕಾರಿ ಕಾಮಗಾರಿಯಲ್ಲಿ ಪರಿಶಿಷ್ಟ ಜಾತಿ ಗುತ್ತಿಗೆದಾರರಿಗೆ 17.15 ಶೇಕಡಾ, ಪರಿಶಿಷ್ಟ ಪಂಗಡದವರಿಗೆ 6.95 ಶೇಕಡಾ ಅಂತ ಕರ್ನಾಟಕ ಕಾಯ್ದೆ ಮಾಡಿತು. ದೇಶಕ್ಕೇ ಮಾದರಿ, ಅದಕ್ಕಾಗಿ ಬೀದಿಗಿಳಿದವರಿಗೆ ಶರಣು. ಆದರೆ ಅದಕ್ಕೊಂದು ಮಿತಿ ಇಟ್ಟರು. ಮೊದಲು 50 ಲಕ್ಷ ರೂಪಾಯಿವರೆಗಿನ ಕಾಮಗಾರಿ, 2023ರಲ್ಲಿ 1 ಕೋಟಿ. 2025ರಲ್ಲಿ ಅದನ್ನ 2 ಕೋಟಿ ಮಾಡೋ ಮಸೂದೆ ಪಾಸಾಯ್ತು. ಮೆಟ್ರೋದ ಒಂದೊಂದು ಪ್ಯಾಕೇಜು ನೂರಾರು ಕೋಟಿ. ಅದನ್ನ ಸಣ್ಣ ತುಂಡು ಮಾಡಿ ಕರೆಯೋಕೆ ಆಗಲ್ಲ ಅನ್ನೋದು ಇಂಜಿನಿಯರುಗಳ ಮಾತು. ವಯಾಡಕ್ಟಿಗೆ ಒಪ್ಪಿಕೊಳ್ಳೋಣ. ಸ್ಟೇಷನ್ನಿನ ಪಕ್ಕದ ಫುಟ್‌ಪಾತು, ಚರಂಡಿ, ಶೌಚಾಲಯ, ಪಾರ್ಕಿಂಗ್ ಕಟ್ಟೆ ಇವಕ್ಕೂ ಅದೇ ನೆಪವಾ?

ಕೇಂದ್ರದ ಕಡೆ 2012ರಿಂದ ಒಂದು ಖರೀದಿ ನೀತಿ ಇದೆ. ಕೇಂದ್ರದ ಇಲಾಖೆಗಳು, ಉದ್ಯಮಗಳು ತಮ್ಮ ಖರೀದಿಯಲ್ಲಿ 4 ಶೇಕಡಾ ಎಸ್‌ಸಿ/ಎಸ್‌ಟಿ ಒಡೆತನದ ಸಣ್ಣ ಉದ್ದಿಮೆಗಳಿಂದ ಮಾಡಬೇಕು ಅಂತ. ಓದಿ ಖುಷಿಪಟ್ಟು ಮುಂದೆ ಹೋದರೆ, ಅದು ಸರಕು ಮತ್ತು ಸೇವೆಗೆ ಮಾತ್ರ, ಕಾಮಗಾರಿ ಗುತ್ತಿಗೆ ಅದರ ವ್ಯಾಪ್ತಿಗೆ ಬರಲ್ಲ. ಮೂಲಸೌಕರ್ಯದಲ್ಲಿ ದುಡ್ಡಿರೋದೇ ಕಾಮಗಾರಿಯಲ್ಲಿ!

ಬೀದಿ ವ್ಯಾಪಾರಿಗಳದು ಬೇರೆಯೇ ಕತೆ, ಇನ್ನೊಂದು ಪೋಸ್ಟಿಗೆ ಬೇಕು. ಇಷ್ಟು ಮಾತ್ರ ಹೇಳ್ತೀನಿ. 'ಜನರಿಗೆ ಆದ್ಯತೆ' ಅಂತ ಅಗಲವಾದ ಫುಟ್‌ಪಾತ್ ಮಾಡಿದ ಮೇಲೆ ಮೊದಲು ಎತ್ತಂಗಡಿ ಆಗೋದು ಅಲ್ಲೇ ಕೂತು ಸೊಪ್ಪು, ಹೂವು ಮಾರೋ ಜನ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳೇ 40 ಶೇಕಡಾಕ್ಕೆ ಕಡಿಮೆ ಇಲ್ಲದಂತೆ ಇರಬೇಕು, ಅದರೊಳಗೆ ಎಸ್‌ಸಿ, ಎಸ್‌ಟಿ ಪ್ರಾತಿನಿಧ್ಯವೂ ಇರಬೇಕು. ರಸ್ತೆ ಅಗೆಯೋ ಮುಂಚೆ ಈ ಸಮಿತಿಯನ್ನ ಕೇಳಿದ್ದಾರಾ ಅಂತ ನಿಮ್ಮ ವಾರ್ಡಿನಲ್ಲಿ ವಿಚಾರಿಸಿ.

ಬಸ್ಸಿಗೆ ವಾಪಸ್ ಬರ್ತೀನಿ. ವಿಷಯದ ಜೀವ ಇರೋದು ಅಲ್ಲೇ.

2009ರಲ್ಲಿ ಆರ್ಥಿಕ ಹಿಂಜರಿತ ಬಂದಾಗ ಕೇಂದ್ರ ಸರ್ಕಾರ ನರ್ಮ್ ಯೋಜನೆಯಡಿ ನಗರಗಳಿಗೆ ಬಸ್ಸು ಕೊಳ್ಳೋಕೆ ದುಡ್ಡು ಕೊಟ್ಟಿತು. ಬಸ್ಸು ತಯಾರಿಸೋ ಕಂಪನಿಗಳಿಗೂ ಅದು ಜೀವದಾನ ಆಯ್ತು. ಬೆಂಗಳೂರಿನಂಥ ದೊಡ್ಡ ನಗರಕ್ಕೆ ಕೇಂದ್ರದ ಪಾಲು 35 ಶೇಕಡಾ. ಪಾರ್ಕಿಂಗ್ ನೀತಿ ಮಾಡಿ, ಸಾರಿಗೆ ನಿಧಿ ಮಾಡಿ, ಪ್ರಾಧಿಕಾರ ಮಾಡಿ ಅಂತ ಷರತ್ತು ಹಾಕಿದರು. ಪ್ರಾಧಿಕಾರದ ಕಾಯ್ದೆಯನ್ನ ಬೆಂಗಳೂರಿಗೆ ಮಾಡಿದ್ದು 2022ರ ಕೊನೆಗೆ, ಅದು ಬಿಡಿ. ಮುಖ್ಯ ಏನಂದ್ರೆ, ಆ ಬಸ್ಸುಗಳು ನಿಗಮದ ಆಸ್ತಿ ಆದವು. ಹೊಸ ಬಸ್ಸು ಬಂತು ಅಂದ್ರೆ ಹೊಸ ಡ್ರೈವರ್ ಹುದ್ದೆ, ಹೊಸ ಮೆಕ್ಯಾನಿಕ್ ಹುದ್ದೆ ಅಂತ ಲೆಕ್ಕ. ರೋಸ್ಟರ್ ತಾನಾಗೇ ಅನ್ವಯಿಸ್ತಿತ್ತು.

2019ರ ಏಪ್ರಿಲ್‌ನಲ್ಲಿ ಫೇಮ್ ಎರಡನೇ ಹಂತ ಬಂತು. 10,000 ಕೋಟಿ ರೂಪಾಯಿ, 7,090 ಎಲೆಕ್ಟ್ರಿಕ್ ಬಸ್ಸಿಗೆ ನೆರವು. ಈ ಸಲದ ಷರತ್ತು ನೋಡಿ: ನಿಗಮ ಬಸ್ಸು ಕೊಂಡರೆ ನೆರವಿಲ್ಲ. ಕಂಪನಿಯ ಬಸ್ಸನ್ನ ಕಿಲೋಮೀಟರಿಗಿಷ್ಟು ಅಂತ ಗುತ್ತಿಗೆಗೆ ತಗೊಂಡರೆ ಮಾತ್ರ ನೆರವು. ಇದಕ್ಕೆ ಗ್ರಾಸ್ ಕಾಸ್ಟ್ ಕಾಂಟ್ರಾಕ್ಟ್ ಅಂತಾರೆ. ಬಸ್ಸು, ಡ್ರೈವರ್, ರಿಪೇರಿ ಕಂಪನಿಯದು. ಕಂಡಕ್ಟರ್, ಟಿಕೆಟ್ ಹಣ, ಡಿಪೋ ಜಾಗ ನಿಗಮದ್ದು. ಜನ ಹತ್ತಲಿ ಬಿಡಲಿ, ಒಪ್ಪಂದದಷ್ಟು ಕಿಲೋಮೀಟರಿಗೆ ದುಡ್ಡು ಕೊಡಬೇಕು. 2022ರಲ್ಲಿ ಕೇಂದ್ರದ ಒಂದು ಸಂಸ್ಥೆ ಬೆಂಗಳೂರು, ದಿಲ್ಲಿ, ಕೋಲ್ಕತ್ತಾ, ಹೈದರಾಬಾದ್, ಸೂರತ್ ಐದೂ ನಗರಗಳಿಗೆ ಒಟ್ಟಿಗೆ 5,450 ಬಸ್ಸಿಗೆ ಟೆಂಡರ್ ಕರೆಯಿತು. ಅಷ್ಟು ದೊಡ್ಡ ಟೆಂಡರಿಗೆ ಬರೋಕೆ ಎಂಥವರಿಗೆ ಸಾಧ್ಯ? ಮೂರು ನಾಲ್ಕು ಬಸ್ಸಿಟ್ಟುಕೊಂಡ ಸಣ್ಣ ಮಾಲೀಕನಿಗಂತೂ ಅಲ್ಲ.

ಅದೇ 2022ರಲ್ಲಿ ನಮ್ಮ ರಾಜ್ಯದಲ್ಲಿ ಏನಾಯ್ತು ನೆನಪಿದೆಯಾ? ಎಸ್‌ಸಿ ಮೀಸಲಾತಿ 15ರಿಂದ 17, ಎಸ್‌ಟಿ ಮೀಸಲಾತಿ 3ರಿಂದ 7 ಶೇಕಡಾಕ್ಕೆ ಏರಿತು. ಸಿಹಿ ಹಂಚಿದೆವು. ಆಮೇಲೆ ಒಳಮೀಸಲಾತಿಗೆ ನಮ್ಮ ನಮ್ಮಲ್ಲೇ ಎಷ್ಟು ಕಿತ್ತಾಡಿದೆವು, 2025ರಲ್ಲಿ 6-6-5 ಆಯ್ತು. ಅದು ನ್ಯಾಯದ ಹೋರಾಟ, ಅದರಲ್ಲಿ ನಾನೂ ಇದ್ದೆ. ಆದರೆ ಒಂದು ಕಡೆ ಶೇಕಡಾ ಏರ್ತಿದ್ದಾಗ ಇನ್ನೊಂದು ಕಡೆ ಆ ಶೇಕಡಾ ಲೆಕ್ಕ ಹಾಕಬೇಕಾದ ಹುದ್ದೆಗಳೇ ನಿಗಮದಿಂದ ಕಂಪನಿಗೆ ಜಾರಿಕೊಂಡವು. ಮೀಸಲಾತಿ ತೆಗೀತೀವಿ ಅಂತ ಯಾರೂ ಹೇಳಲಿಲ್ಲ, ಸದನದಲ್ಲಿ ಚರ್ಚೆ ಆಗಲಿಲ್ಲ. ಹೊಗೆ ಇಲ್ಲದ ಬಸ್ಸು ತರ್ತೀವಿ ಅಂದರು, ನಾವೂ ಚಪ್ಪಾಳೆ ತಟ್ಟಿದೆವು.

2023ರ ಆಗಸ್ಟ್‌ನಲ್ಲಿ ಪಿಎಂ ಇ-ಬಸ್ ಸೇವಾ ಬಂತು. 57,613 ಕೋಟಿಯ ಯೋಜನೆ, ಕೇಂದ್ರದ್ದು 20,000 ಕೋಟಿ, 10,000 ಬಸ್ಸು, ಎಲ್ಲ ಖಾಸಗಿ ಪಾಲುದಾರಿಕೆಯಲ್ಲಿ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಇನ್ನೊಂದು: ಸಾರಿಗೆ ನಿಗಮಗಳು ಕಂಪನಿಗೆ ಬಾಕಿ ಉಳಿಸಿಕೊಂಡರೆ ಏನು ಗತಿ ಅಂತ 3,435 ಕೋಟಿ ರೂಪಾಯಿಯ ಪಾವತಿ ಭದ್ರತಾ ವ್ಯವಸ್ಥೆ. ನಿಗಮ ಕೊಡದಿದ್ದರೆ ಕಂಪನಿಗೆ ಆ ನಿಧಿಯಿಂದ ಪಾವತಿ, ಆಮೇಲೆ ರಾಜ್ಯದಿಂದ ವಸೂಲಿ. ವ್ಯಾಪಾರದ ದೃಷ್ಟಿಯಿಂದ ಇದು ಸರಿ ಇರಬಹುದು. ಬಿಲ್ಲು ಪಾಸಾಗುತ್ತೆ ಅನ್ನೋ ನಂಬಿಕೆ ಇಲ್ಲದೆ ಬ್ಯಾಂಕ್ ಸಾಲ ಕೊಡಲ್ಲ, ಬಸ್ಸು ಬರಲ್ಲ. ಆದರೆ ಕಂಪನಿಯ ಬಿಲ್ಲಿಗೆ ಇಷ್ಟು ಯೋಚನೆ ಮಾಡಿದವರು ಡ್ರೈವರನ ಸಂಬಳಕ್ಕೆ ಅದರ ಕಾಲು ಭಾಗ ಯೋಚಿಸಿದ್ದರೆ? ನಮ್ಮ ಚಿಕ್ಕಪ್ಪನ ಮಗ ಈಗ ಇಂಥದ್ದೇ ಒಂದು ಬಸ್ಸು ಓಡಿಸ್ತಾನೆ. ಕಂಪನಿ ಹೆಸರು ಬೇಡ. ಅಪ್ಪನ ಕೆಲಸವೇ, ಅಪ್ಪನ ರೂಟೇ. ಅಪ್ಪನಿಗಿದ್ದ ಖಾಯಂ ಇಲ್ಲ, ಪಾಸಿಲ್ಲ. ಅವನ ಸಂಬಳ ಅಪ್ಪನ ಕೊನೇ ಸಂಬಳಕ್ಕಿಂತ ಕಮ್ಮಿ. 'ಬಸ್ಸೇನೋ ಚೆನ್ನಾಗಿದೆ ಅಣ್ಣ, ಬೆನ್ನು ನೋಯಲ್ಲ, ಗೇರಿಲ್ಲ' ಅಂತಾನೆ.

ಈ ಮಾತು ಎತ್ತಿದಾಗೆಲ್ಲ ಪರಿಸರದ ಗೆಳೆಯರು ನನ್ನ ಮೇಲೆ ಬೀಳ್ತಾರೆ. ಹಾಗಾದ್ರೆ ಡೀಸೆಲ್ ಬಸ್ಸೇ ಇರಲಾ ಅಂತ. ಖಂಡಿತ ಬೇಡ. ಡೀಸೆಲ್ ಹೊಗೆ ಮೊದಲು ಕುಡಿಯೋದು ರಸ್ತೆ ಗುಡಿಸೋರು, ರಸ್ತೆ ಪಕ್ಕ ಗುಡಿಸಲಲ್ಲಿ ಮಲಗೋರು. ಎಲೆಕ್ಟ್ರಿಕ್ ಬಸ್ಸು ನಮಗೇ ಜಾಸ್ತಿ ಬೇಕು, ಸಾವಿರ ಅಲ್ಲ, ಹತ್ತು ಸಾವಿರ ಬರಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳ, ಪೌರಕಾರ್ಮಿಕರ ಕೈಲಿ ತಿಂಗಳಿಗೆ ಒಂದಿಷ್ಟು ದುಡ್ಡು ಉಳೀತಿದೆ. ಮೆಟ್ರೋದಲ್ಲಿ 2025ರ ಫೆಬ್ರವರಿಯಲ್ಲಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಆದಾಗ ಆ ಅಕ್ಕಂದಿರಿಗೆ ಬಸ್ಸೇ ಗತಿ ಅಂತ ಮತ್ತೊಮ್ಮೆ ಗೊತ್ತಾಯ್ತು. ಬಸ್ಸು ಬೇಡ ಅನ್ನೋದಿದ್ದರೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಕಾರಿಗಾಗಿ ಸುರಂಗ ಕೊರೆಯೋಕೆ ಹೊರಟಿರೋರನ್ನ ಕೇಳಿ, 2006ರ ನೀತಿ ಓದಿದ್ದೀರಾ ಸ್ವಾಮಿ ಅಂತ.

ಇನ್ನೊಂದು ವಾದ ಬರುತ್ತೆ. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊರಗುತ್ತಿಗೆ ನೇಮಕಾತಿಯಲ್ಲೂ ಮೀಸಲಾತಿ ಪಾಲಿಸಬೇಕು ಅಂತ ಸುತ್ತೋಲೆ ಹೊರಡಿಸಿದೆಯಲ್ಲ, ಇನ್ನೇನು ಬೇಕು ಅಂತ. ಸುತ್ತೋಲೆ ಇದೆ. ಆದರೆ ಇಲ್ಲಿ ನಿಗಮ ಆಳುಗಳನ್ನ ಹೊರಗುತ್ತಿಗೆಗೆ ಪಡೀತಿಲ್ಲ, ಕಿಲೋಮೀಟರ್ ಕೊಳ್ತಿದೆ. ಕಿಲೋಮೀಟರಿಗೆ ಜಾತಿ ಪ್ರಮಾಣಪತ್ರ ಎಲ್ಲಿಂದ ತರೋದು? ಜನರನ್ನ ಸಾಗಿಸಿ, ವಾಹನಗಳನ್ನಲ್ಲ ಅಂತ ಶುರುವಾದ ನೀತಿ ಕೊನೆಗೆ ಕಿಲೋಮೀಟರ್ ಖರೀದಿಗೆ ಬಂದು ನಿಂತಿದೆ.

ದಾರಿ ಇಲ್ಲ ಅಂತಲ್ಲ. ಗುತ್ತಿಗೆಯಲ್ಲಿ ಬಸ್ಸಿನ ಎತ್ತರ, ಬ್ಯಾಟರಿ, ಬಾಗಿಲು, ಕ್ಯಾಮೆರಾ ಎಲ್ಲದಕ್ಕೂ ಷರತ್ತು ಬರೀತಾರೆ, ತಪ್ಪಿದರೆ ದಂಡ ಹಾಕ್ತಾರೆ. ಕೇಂದ್ರದ ನೆರವಿಗೆ ಖಾಸಗಿ ಪಾಲುದಾರಿಕೆಯ ಷರತ್ತು ಹಾಕೋಕೆ ಬರುತ್ತೆ ಅಂದ್ರೆ ಡ್ರೈವರ್ ನೇಮಕಾತಿಯಲ್ಲಿ ಮೀಸಲಾತಿಯ ಷರತ್ತು ಹಾಕೋಕೂ ಬರುತ್ತೆ. ನೆರವಿನ ಹಣ ಸಾರ್ವಜನಿಕರದು, ರಸ್ತೆ ಸಾರ್ವಜನಿಕರದು, ಡಿಪೋ ಸಾರ್ವಜನಿಕರದು.

ಹಾಗಾಗಿ ಗೆಳೆಯರೇ, ಈ ತಿಂಗಳು ಜಿಲ್ಲೆಗೊಬ್ಬರಾದರೂ ನಿಮ್ಮ ಭಾಗದ ಸಾರಿಗೆ ನಿಗಮಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕೇಳಬೇಕಾದ್ದು ಇಷ್ಟೇ. 2019ರಿಂದ ಈಚೆಗೆ ನಿಗಮದಲ್ಲಿ ಮಂಜೂರಾದ ಚಾಲಕ, ತಾಂತ್ರಿಕ ಹುದ್ದೆಗಳೆಷ್ಟು, ಖಾಲಿ ಎಷ್ಟು, ಅದರಲ್ಲಿ ಎಸ್‌ಸಿ, ಎಸ್‌ಟಿ ಬ್ಯಾಕ್‌ಲಾಗ್ ಎಷ್ಟು. ಕಿಲೋಮೀಟರ್ ಗುತ್ತಿಗೆಯಲ್ಲಿ ಓಡೋ ಬಸ್ಸುಗಳೆಷ್ಟು, ಅದರ ಚಾಲಕರಲ್ಲಿ ಎಸ್‌ಸಿ, ಎಸ್‌ಟಿ, ಮಹಿಳೆಯರು ಎಷ್ಟು. ಗುತ್ತಿಗೆ ಒಪ್ಪಂದದ ಪೂರ್ತಿ ಪ್ರತಿ ಕೊಡಿ. 2024ರ ಸುತ್ತೋಲೆ ಈ ಒಪ್ಪಂದಗಳಿಗೆ ಅನ್ವಯಿಸುತ್ತದೆಯೇ, ಇಲ್ಲದಿದ್ದರೆ ಯಾವ ಆದೇಶದ ಪ್ರಕಾರ ಇಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. 'ನಮ್ಮಲ್ಲಿ ಮಾಹಿತಿ ಇಲ್ಲ, ಕಂಪನಿಯನ್ನ ಕೇಳಿ' ಅಂತ ಉತ್ತರ ಬಂದರೆ ಆ ಉತ್ತರವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ, ಮೇಲ್ಮನವಿಗೆ ಬೇಕಾಗುತ್ತೆ. ಅರ್ಜಿಯ ಕರಡು ಕಾಮೆಂಟಿನಲ್ಲಿ ಹಾಕಿದ್ದೀನಿ, ಹೆಸರು ವಿಳಾಸ ಬದಲಿಸಿ ಕಳಿಸಿ.

ಜೈ ಭೀಮ್.